ಎಣ್ಣೆ ಬೇರೆ, ಊಟ ಬೇರೆ: ಕ್ಯಾಂಪಿಂಗ್ ಊಟ ಹಗುರ ಮಾಡಿದ ನನ್ನ ಅನುಭವ

ಚಾರಣಕ್ಕೆ ಹೊತ್ಕೊಂಡು ಹೋಗೋಕೆ ದಿನಕ್ಕೆ 650 ಗ್ರಾಂ ಒಳಗೆ ಊಟ, ಅದ್ರಲ್ಲಿ 3000 ಕ್ಯಾಲೊರಿ ಮೇಲೆ, ಎಲ್ಲಾ ಮನೇಲೇ ಮಾಡಿದ್ದು. ಇದನ್ನ ಹೇಳಿದಾಗ ನಮ್ಮ ಗುಂಪಲ್ಲಿ ಒಬ್ರೂ ನಂಬ್ಲಿಲ್ಲ. ಮನೇಲಿ ಒಣಗಿಸಿದ್ದು ಸರಿಯಾಗಿ ನೆನೆಯಲ್ಲ, ಎಣ್ಣೆ ಬ್ಯಾಗಲ್ಲಿ ಸೋರತ್ತೆ, ಮೂರನೇ ದಿನಕ್ಕೇ ಸುಸ್ತಾಗಿ ಕೂತ್ಕೋತೀಯ, ಸುಮ್ನೆ ಅಂಗಡೀಲಿ ಸಿಗೋ ಒಣ ಪ್ಯಾಕೆಟ್ ಊಟ ತಗೋ ಅಂತ ಎಲ್ರದ್ದೂ ಒಂದೇ ರಾಗ. ಈ ಸೀಸನ್ನಲ್ಲಿ ವಾರಕ್ಕಿಂತ ಜಾಸ್ತಿ ನಡೆದೆ, ಮಧ್ಯೆ ಎಲ್ಲೂ ಸಾಮಾನು ತುಂಬಿಸ್ಕೊಳ್ಲಿಲ್ಲ, ಕೊನೇ ದಿನದ ಏರು ಹತ್ತುವಾಗ್ಲೂ ಕಾಲಲ್ಲಿ ಕಸುವಿತ್ತು. ಈಗ ಅದೇ ಜನ ಹೇಗೆ ಮಾಡ್ದೆ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಡಿಹೈಡ್ರೇಟರ್ (ಬಿಸಿಗಾಳೀಲಿ ಊಟ ಒಣಗಿಸೋ ಮಷೀನು) ಹೇಗೆ ಬಳಸೋದು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ. ಕೆಲ್ಸ ಆಗಿದ್ದು ಒಂದೇ ನಿಯಮದಿಂದ: ಒಣಗಿಸೋ ಊಟದಲ್ಲಿ ಜಿಡ್ಡು ಇರಬಾರದು, ಜಿಡ್ಡೆಲ್ಲ ಬೇರೆ ಬಾಟಲಿಯಲ್ಲಿ ಬಂದು ಪಾತ್ರೆಗೆ ಬೀಳಬೇಕು. ಎಣ್ಣೆ ಒಂದು ಗ್ರಾಂಗೆ ಹತ್ರ ಹತ್ರ 9 ಕ್ಯಾಲೊರಿ, ಒಣ ಅನ್ನ ನಾಲ್ಕೂ ಮುಟ್ಟಲ್ಲ. ಹಾಗಂತ ಎಣ್ಣೆ ಹಾಕಿ ಅಡುಗೆ ಮಾಡಿ ಒಣಗಿಸಿದ್ರೆ ಆಗಲ್ಲ. ಹಾಗೆ ಮಾಡಿದ ನನ್ನ ಒಂದು ಬ್ಯಾಚ್ ಟ್ರೇ ಮೇಲೆ ರಾತ್ರಿಯಿಡೀ ಇದ್ರೂ ಅಂಟಂಟಾಗೇ ಇತ್ತು, ಯಾಕಂದ್ರೆ ಆವಿಯಾಗೋದು ನೀರು ಮಾತ್ರ, ಎಣ್ಣೆ ಹಾಗೇ ಉಳ್ಕೊಳ್ಳತ್ತೆ. ಕೆಲವೇ ವಾರಕ್ಕೆ ಕಮಟು ವಾಸನೆ, ಇಡೀ ಬ್ಯಾಚ್ ಕಸಕ್ಕೆ ಹೋಯ್ತು.

ಈಗಿನ ರಾತ್ರಿ ಊಟ ಹೀಗಿದೆ: ಬೇಯಿಸಿ ಒಣಗಿಸಿದ ಅನ್ನ 90 ಗ್ರಾಂ, ಬೇಯಿಸಿ ಒಣಗಿಸಿದ ಕಾಳು 40, ತರಕಾರಿ ಮತ್ತು ಟೊಮೇಟೊ ಪುಡಿ 20, ತಿನ್ನೋ ಹೊತ್ತಿಗೆ ಹಾಕೋ ಎಣ್ಣೆ 30. ಒಟ್ಟು 180 ಗ್ರಾಂ, ಸುಮಾರು 800 ಕ್ಯಾಲೊರಿ. ಆ 30 ಗ್ರಾಂ ಎಣ್ಣೆ ಬದಲು ಅನ್ನದಲ್ಲೇ ಅಷ್ಟು ಕ್ಯಾಲೊರಿ ಬೇಕು ಅಂದ್ರೆ 70-75 ಗ್ರಾಂ ಒಣ ಅನ್ನ ಹೊರಬೇಕು, ಜೊತೆಗೆ ಅದಕ್ಕೆ ನೀರು, ಆ ನೀರು ಕಾಯಿಸೋಕೆ ಗ್ಯಾಸು. ಬೆಳಗ್ಗೆ ಓಟ್ಸ್, ಕೆನೆ ತೆಗೆದ ಹಾಲಿನ ಪುಡಿಯಲ್ಲ, ಕೆನೆ ಇರೋ ಹಾಲಿನ ಪುಡಿ, ಬಾದಾಮಿ ತರಿ, ಸಕ್ಕರೆ, ಎಲ್ಲಾ ಸೇರಿ 150 ಗ್ರಾಂ, 680ರ ಆಸುಪಾಸು. ಉಳಿದಿದ್ದು ದಾರಿಯಲ್ಲಿ ನಡೀತಾ ತಿನ್ನೋ ಕಡಲೆಕಾಯಿ ಬೆಣ್ಣೆ, ಬೀಜಗಳು, ಚಾಕೊಲೇಟು, 300 ಗ್ರಾಂ ಇದ್ರೆ 1600ಕ್ಕೆ ಬರತ್ತೆ.

ಕಾಳಿನ ವಿಷ್ಯದಲ್ಲಿ ಗಟ್ಟಿಯಾಗಿ ಹೇಳ್ತೀನಿ: ಮನೇಲಿ ಕುಕ್ಕರಲ್ಲಿ ಸಿಪ್ಪೆ ಒಡೆಯೋವರೆಗೂ ಬೇಯಿಸಿ ಆಮೇಲೆ ಒಣಗಿಸಿ. ಹಸಿ ಕಾಳು ತಗೊಂಡು ಹೋಗಿ ಬೆಟ್ಟದ ಮೇಲೆ ಬೇಯಿಸ್ತೀನಿ ಅನ್ನೋರು 3000 ಮೀಟರಲ್ಲಿ ನೀರು 90 ಡಿಗ್ರಿಗೇ ಕುದಿಯತ್ತೆ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಎಷ್ಟು ಗ್ಯಾಸ್ ಸುಟ್ರೂ ಕಾಳು ಕಲ್ಲು ಕಲ್ಲಾಗೇ ಇರತ್ತೆ. ಒಡೆದ ಕಾಳು ಮಾತ್ರ ಬಿಸಿನೀರು ಬಿದ್ದ ಕೂಡ್ಲೆ ಎಳ್ಕೊಳ್ಳತ್ತೆ.

ತುಂಬಾ ಸತಾಯಿಸಿದ್ದು ಕೊಚ್ಚಿದ ಮಾಂಸ. ಒಣಗಿದ್ಮೇಲೆ ಜಲ್ಲಿ ಥರ ಆಗತ್ತೆ, ಅರ್ಧ ಗಂಟೆ ನೆನೆಸಿದ್ರೂ ಹಲ್ಲಿಗೆ ಸಿಕ್ಕಾಕೊಳ್ಳತ್ತೆ. ದುಬಾರಿ ಸಾಮಾನು ಬೇರೆ, ಮೂರ್ನಾಲ್ಕು ಬ್ಯಾಚ್ ಹೋದಾಗ ಹೊಟ್ಟೆ ಉರೀತು. ಕೊನೆಗೆ ಕೈಹಿಡಿದಿದ್ದು ಬ್ರೆಡ್ ಪುಡಿ: ಕೊಬ್ಬು ಕಮ್ಮಿ ಇರೋ ಮಾಂಸಕ್ಕೆ ಬೇಯಿಸೋಕೆ ಮುಂಚೇನೇ ಕಲಸಿ, ಪೂರ್ತಿ ಬೇಯಿಸಿ, ಬಿಟ್ಟ ಜಿಡ್ಡನ್ನ ಬಸಿದು ಒರೆಸಿ, 70 ಡಿಗ್ರಿಯಲ್ಲಿ ಒಣಗಿಸ್ಬೇಕು. ಬ್ರೆಡ್ ನೀರು ಕುಡಿಯತ್ತೆ, ಮಾಂಸಾನೂ ಜೊತೆಗೆ ಮೆತ್ತಗಾಗತ್ತೆ. ಎಷ್ಟು ಬ್ರೆಡ್ಡಿಗೆ ಎಷ್ಟು ಮಾಂಸ ಅನ್ನೋದು ನೀವೇ ಹಾಕಿ ನೋಡಿ, ನನ್ನ ಅಳತೆ ನನ್ನ ಹತ್ರಾನೇ ಇರ್ಲಿ. ಸಾರು ಗಟ್ಟಿಯಾಗೋಕೆ ನಾನು ಹಾಕೋ ಪುಡೀನೂ ಅಷ್ಟೇ, ಆಲೂಗಡ್ಡೆ ಪುಡಿ ಅದ್ರಲ್ಲಿದೆ ಅಂತಷ್ಟೇ ಹೇಳ್ತೀನಿ.

ತರಕಾರಿಗೆ 55 ಡಿಗ್ರಿ ಸಾಕು. ಬೇಗ ಆಗ್ಲಿ ಅಂತ ಬಿಸಿ ಏರಿಸಿದ್ರೆ ಮೇಲೆ ಸಿಪ್ಪೆ ಕಟ್ಟಿ ಒಳಗೆ ಹಸಿ ಉಳಿಯತ್ತೆ, ಅಲ್ಲಿಂದ್ಲೇ ಬೂಸ್ಟು ಶುರು. ಒಣಗಿದ್ದನ್ನ ಗಾಜಿನ ಡಬ್ಬಿಗೆ ಮುಕ್ಕಾಲು ತುಂಬಿಸಿ ಒಂದು ವಾರ ದಿನಾ ಅಲ್ಲಾಡಿಸಿ, ಗಾಜಿಗೆ ಹನಿ ಕಂಡ್ರೆ ವಾಪಸ್ ಟ್ರೇಗೆ. ಮಾಂಸ ಇರೋ ಪ್ಯಾಕೆಟ್ ಹೊರಡೋ ದಿನದವರೆಗೂ ಫ್ರೀಜರಲ್ಲೇ ಇರ್ಬೇಕು.

ದುಡ್ಡಿನ ಲೆಕ್ಕ. ಒಂದು ಪ್ಯಾಕೆಟ್ ಊಟದ ದುಡ್ಡಲ್ಲಿ ನನ್ನ ನಾಲ್ಕು ರಾತ್ರಿ ಊಟ ಆರಾಮಾಗಿ ಆಗತ್ತೆ, ಮಾಂಸ ಹಾಕಿದ್ರೆ ಮೂರು. ಎಷ್ಟೋ ಪ್ಯಾಕೆಟ್ಟಲ್ಲಿ ಇಬ್ಬರಿಗೆ ಅಂತ ಬರ್ದಿರತ್ತೆ, ದಿನವಿಡೀ ನಡೆದವನಿಗೆ ಅದು ಒಬ್ಬನಿಗೂ ಸಾಲಲ್ಲ. ಹಾಳಾದ ಬ್ಯಾಚು, ಕರೆಂಟು ಎಲ್ಲಾ ಸೇರಿಸಿದ್ರೂ ಎರಡನೇ ಸೀಸನ್ ಮುಗಿಯೋದ್ರೊಳಗೆ ಡಿಹೈಡ್ರೇಟರ್ ದುಡ್ಡು ವಾಪಸ್ ಬಂತು. ಗ್ಯಾಸಲ್ಲೂ ಉಳೀತು: ಹಳೇ ಮಲಗೋ ಮ್ಯಾಟ್ ಕತ್ತರಿಸಿ ಪಾತ್ರೆಗೆ ಕವಚ ಮಾಡ್ಕೊಂಡಿದೀನಿ, ಕುದಿ ಬಂದ ಕೂಡ್ಲೆ ಸ್ಟೌ ಆಫ್, ಕವಚದೊಳಗೆ 20 ನಿಮಿಷ, ಎತ್ತರ ಜಾಗದಲ್ಲಿ ಅರ್ಧ ಗಂಟೆ. ಕ್ಯಾನಿಸ್ಟರ್ (ಸ್ಟೌವಿನ ಪುಟ್ಟ ಗ್ಯಾಸ್ ಡಬ್ಬಿ) ಸುಮಾರು ಒಂದೂವರೆ ಪಟ್ಟು ದಿನ ಬಾಳಿಕೆ ಬರತ್ತೆ.

ಸ್ಟೌ ಇಲ್ದೇನೇ ಹೋಗಬಹುದಾ ಅಂತಾನೂ ನೋಡಿದೀನಿ. ನಡಿಯೋವಾಗ್ಲೇ ಮುಚ್ಚಳ ಡಬ್ಬೀಲಿ ತಣ್ಣೀರಲ್ಲಿ ನೆನೆಹಾಕಿದ್ರೆ ಅನ್ನ ಒಂದೂವರೆ ಗಂಟೆಗೆ ತಿನ್ನೋ ಹಾಗಾಗತ್ತೆ, ಕಾಳು ಪರವಾಗಿಲ್ಲ, ಮಾಂಸ ಬೇಡ್ವೇ ಬೇಡ. ಬೇಸಿಗೆ ಮಧ್ಯಾಹ್ನಕ್ಕೆ ಸರಿ, ಚಳೀಲಿ ರಾತ್ರಿ ತಣ್ಣಗಿನ ಊಟ ಒಳಗೆ ಹೋಗಲ್ಲ. ಮೊಟ್ಟೆ ಪುಡಿ ಮನೇಲಿ ಮಾಡೋ ಪ್ರಯೋಗಾನೂ ನಡೀತು, ಮರಳು ಮರಳಾಗಿ ಬಂತು, ಕೈಬಿಟ್ಟೆ.

ಎಣ್ಣೆ ಸೋರೋ ಪ್ರಶ್ನೆ ಎಲ್ರೂ ಕೇಳ್ತಾರೆ. ಗಟ್ಟಿ ಪ್ಲಾಸ್ಟಿಕ್ ಬಾಟಲಿ, ತಿರುಗಿಸೋ ಮುಚ್ಚಳ, ಅದನ್ನ ಎರಡು ಝಿಪ್‌ಲಾಕ್ ಕವರಲ್ಲಿ ಹಾಕಿ ನೆಟ್ಟಗೆ ಇಟ್ಟಿದ್ದೆ, ಒಂದು ಹನಿ ಹೊರಗೆ ಬಂದಿಲ್ಲ. ಚಳಿ ಜಾಗಕ್ಕೆ ತೆಂಗಿನೆಣ್ಣೆ ಬಾಟಲಿಯಲ್ಲಿ ಒಯ್ಯಬೇಡಿ, 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ ಬಾಯಿಂದ ಇಳಿಯಲ್ಲ, ಅಗಲ ಬಾಯಿ ಡಬ್ಬಿಗೆ ಹಾಕಿ ಚಮಚದಲ್ಲಿ ತೆಗೀರಿ. ಆಲಿವ್ ಎಣ್ಣೆನೂ ಕೊರೆಯೋ ಚಳೀಲಿ ಗಟ್ಟಿಯಾಗತ್ತೆ, ರಾತ್ರಿ ಮಲಗೋ ಚೀಲದ ಕಾಲ ಬುಡಕ್ಕೆ ಹಾಕ್ಕೊಂಡ್ರೆ ಬೆಳಗ್ಗೆ ಓಟ್ಸಿಗೆ ಸಲೀಸಾಗಿ ಸುರಿಯತ್ತೆ. ಮೊದಲ್ನೇ ಸಲ ಮಾಡೋರು ಒಂದೇ ಸಲಕ್ಕೆ 30 ಗ್ರಾಂ ಹಾಕ್ಬೇಡಿ, ಮನೇಲೇ 15ರಿಂದ ಶುರು ಮಾಡಿ ಎರಡು ವಾರ ಹೊಟ್ಟೆಗೆ ಅಭ್ಯಾಸ ಮಾಡಿಸಿ ಆಮೇಲೆ ಹೊರಡಿ.