ಮಿರ್-126 ಅಳೆಯುವ ಮೊದಲು ಪ್ಲಾಸ್ಮಾದ ಬಣ್ಣ ನೋಡಿ

ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಅಣುಗಳಾದ ಮೈಕ್ರೋಆರ್‌ಎನ್‌ಎ (ಚುಟುಕಾಗಿ ‘ಮಿರ್’) ಅಳೆಯಲು ಕಲಿಯಬೇಕೆಂದು ಬರುವ ಹೊಸಬರು ಮೊದಲು ಹುಡುಕುವುದು, ಅದರ ಪ್ರತಿಗಳನ್ನು ಸುತ್ತು ಸುತ್ತಾಗಿ ದ್ವಿಗುಣಗೊಳಿಸಿ ಅಳೆಯುವ ಪಿಸಿಆರ್ ಯಂತ್ರವನ್ನು. ನಾನು ಅವರ ಕೈಗೆ ಎರಡು ಟ್ಯೂಬ್ ಕೊಡುತ್ತೇನೆ. ಒಂದರಲ್ಲಿ ಪ್ಲಾಸ್ಮಾ (ರಕ್ತದ ದ್ರವಭಾಗ) ಒಣಹುಲ್ಲಿನ ಬಣ್ಣ, ಇನ್ನೊಂದರಲ್ಲಿ ತೆಳು ಗುಲಾಬಿ. ಗುಲಾಬಿಯನ್ನು ಎಸೆಯಬೇಕೆಂದು ಅವರಿಗೇ ಹೊಳೆಯುವ ತನಕ ಯಂತ್ರದ ಹತ್ತಿರ ಬಿಡುವುದಿಲ್ಲ. ಯಂತ್ರಕ್ಕಿಂತ ಮೊದಲು ಮಾದರಿಯನ್ನು ನೋಡಬೇಕೆಂಬ ಬುದ್ಧಿ ನನಗೆ ಬಂದದ್ದು ಒಮ್ಮೆ ನಲವತ್ತು ಮಾದರಿಗಳನ್ನು ಹಾಳು ಮಾಡಿಕೊಂಡ ಮೇಲೆ.

ಮಿರ್-126 ಎಂಬ ಮೈಕ್ರೋಆರ್‌ಎನ್‌ಎ ಹೆಚ್ಚಾಗಿ ರಕ್ತನಾಳದ ಒಳಪದರದ ಕೋಶಗಳಲ್ಲಿ ಇರುತ್ತದೆ. ಇಟಲಿಯ ಬ್ರುನೆಕ್ ಪಟ್ಟಣದ ಜನರ ರಕ್ತ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೈಪ್ 2 ಮಧುಮೇಹಿಗಳ ಪ್ಲಾಸ್ಮಾದಲ್ಲಿ ಇದು ಕಡಿಮೆ ಕಂಡಿತು. ನಾಳಗಳು ಸೊರಗುತ್ತಿರುವುದನ್ನು ಹೃದಯ ಕೈಕೊಡುವ ಮೊದಲೇ ಹಿಡಿಯಬಹುದೆಂಬ ಆಸೆ ಹುಟ್ಟಿದ್ದು ಇಂಥವುಗಳಿಂದ.

ರಕ್ತವನ್ನು ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬ್‌ಗೆ ತೆಗೆದುಕೊಳ್ಳಿ. ಅದೇ ಕೆಲಸ ಮಾಡುವ ಹೆಪಾರಿನ್ ಬೇಡ, ಅದು ಪಿಸಿಆರ್ ಕಿಣ್ವಕ್ಕೇ ಅಡ್ಡಗಾಲು ಹಾಕುತ್ತದೆ. ತೋಳಿನ ಪಟ್ಟಿಯನ್ನು ಬೇಗ ಸಡಿಲಿಸಿ, ಸಿರಿಂಜನ್ನು ಜೋರಾಗಿ ಎಳೆಯಬೇಡಿ. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ. ಕುಲುಕಿದಿರೋ, ಕೆಂಪು ಕಣಗಳು ಒಡೆದು ಅವುಗಳೊಳಗಿನ ಮಿರ್-451ಎ, ಮಿರ್-16 ಪ್ಲಾಸ್ಮಾಕ್ಕೆ ಸುರಿಯುತ್ತವೆ. ಕಣ್ಣಿಗೆ ಕಾಣದಷ್ಟು ಒಡೆದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ 414 ನ್ಯಾನೋಮೀಟರ್‌ನ ಬೆಳಕನ್ನು ಪ್ಲಾಸ್ಮಾ ಎಷ್ಟು ಹೀರುತ್ತದೆಂದು ನೋಡಿ, 0.2 ದಾಟಿದ್ದನ್ನು ನಾನು ಬದಿಗಿಡುತ್ತೇನೆ. ಪಿಸಿಆರ್ ಪ್ರತಿ ಮೈಕ್ರೋಆರ್‌ಎನ್‌ಎಗೆ ಒಂದು ಸಿಟಿ (Ct) ಕೊಡುತ್ತದೆ, ಎಂದರೆ ಅದು ಯಂತ್ರಕ್ಕೆ ಕಾಣುವ ಹೊತ್ತಿಗೆ ನಡೆದ ಸುತ್ತುಗಳ ಸಂಖ್ಯೆ. ಕಣ ಒಡೆದರೂ ಹೆಚ್ಚು ಬದಲಾಗದ ಮಿರ್-23ಎಯ ಸಿಟಿಯಿಂದ ಮಿರ್-451ಎಯ ಸಿಟಿಯನ್ನು ಕಳೆಯಿರಿ. ಉತ್ತರ 7ಕ್ಕಿಂತ ಹೆಚ್ಚಿದ್ದರೆ ಆ ಮಾದರಿಯನ್ನು ನಂಬಬೇಡಿ.

ನನ್ನ ನಲವತ್ತು ಮಾದರಿಗಳು ಹೋದದ್ದು ಮಾತ್ರ ಪ್ಲೇಟ್‌ಲೆಟ್‌ನಿಂದ, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣಗಳಿಂದ. ಸೆಂಟ್ರಿಫ್ಯೂಜ್‌ನಲ್ಲಿ ಒಂದೇ ಸಲ ತಿರುಗಿಸಿ ಫ್ರೀಜರಿಗೆ ಹಾಕಿದ್ದೆ. ಉಳಿದ ಪ್ಲೇಟ್‌ಲೆಟ್‌ಗಳು ಮಂಜುಗಟ್ಟಿ ಕರಗುವಾಗ ಒಡೆದವು. ಅವುಗಳಲ್ಲಿ ಮಿರ್-223 ಧಾರಾಳ, ಮಿರ್-126 ಕೂಡ ಇದೆ. ಈಗ 2,500 ಜಿಯಲ್ಲಿ (ಗುರುತ್ವದ 2,500 ಪಟ್ಟು ಬಲದಲ್ಲಿ) ಹದಿನೈದು ನಿಮಿಷ ತಿರುಗಿಸಿ, ಕೆಂಪು ಕಣಗಳ ಮೇಲಿನ ಬಿಳಿ ಪದರ ಕದಡದಂತೆ ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಬಿಟ್ಟು ಉಳಿದದ್ದನ್ನು ಹೀರುತ್ತೇನೆ. ಹೊಸ ಟ್ಯೂಬಿನಲ್ಲಿ ಮತ್ತೊಮ್ಮೆ ಅಷ್ಟೇ. ಆಮೇಲೆ ಸಣ್ಣ ಪಾಲುಗಳಾಗಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದು ಪಾಲನ್ನು ಒಮ್ಮೆ ಮಾತ್ರ ಕರಗಿಸಿ.

ಪ್ಲೇಟ್‌ಲೆಟ್ ವಿಷಯ ಬಂದಾಗ ಆಸ್ಪಿರಿನ್ ಮರೆಯಬಾರದು. ಎಷ್ಟೋ ಮಧುಮೇಹಿಗಳು ಅದನ್ನು ನುಂಗುತ್ತಿರುತ್ತಾರೆ. ಅದರಂಥ ಪ್ಲೇಟ್‌ಲೆಟ್ ತಡೆಯುವ ಮಾತ್ರೆಗಳಿಂದಲೂ ಪ್ಲಾಸ್ಮಾದ ಮಿರ್-126 ಇಳಿಯುತ್ತದೆ. ಮಾತ್ರೆಯ ಹೆಸರು ಬರೆದಿಡದಿದ್ದರೆ, ಇಳಿದದ್ದು ರೋಗದಿಂದಲೋ ಮಾತ್ರೆಯಿಂದಲೋ ಹೇಳುವವರು ಯಾರು?

ಮಾದರಿ ಮಾದರಿಗಳ ಹೋಲಿಕೆಗೆ ಯು6 (ಕೋಶದೊಳಗಿನ ಒಂದು ಆರ್‌ಎನ್‌ಎ) ಬಳಸುವ ಅಭ್ಯಾಸ ಪ್ಲಾಸ್ಮಾದಲ್ಲಿ ನಡೆಯುವುದಿಲ್ಲ. ಬದಲಿಗೆ ಸಿ. ಎಲೆಗನ್ಸ್ ಎಂಬ ಪುಟ್ಟ ಹುಳುವಿನ ಮಿರ್-39 ಅನ್ನು ಪ್ರತಿ ಮಾದರಿಗೂ ಒಂದೇ ಪ್ರಮಾಣದಲ್ಲಿ ಅಳೆದು ಸೇರಿಸಿ. ಆದರೆ ಕೋಶ ಕರಗಿಸುವ ದ್ರಾವಣ ಹಾಕಿದ ನಂತರವೇ ಸೇರಿಸಿ. ನಮ್ಮ ರಕ್ತದ ಮೈಕ್ರೋಆರ್‌ಎನ್‌ಎಗೆ ಪ್ರೋಟೀನಿನ ಹೊದಿಕೆ ಇದೆ. ಬರಿಮೈಯ ಮಿರ್-39 ಅನ್ನು ಪ್ಲಾಸ್ಮಾದ ಕಿಣ್ವಗಳು ಕ್ಷಣದಲ್ಲಿ ತಿಂದುಹಾಕುತ್ತವೆ.

ಸಿಟಿ ಒಂದು ಏರಿದರೆ ಪ್ರಮಾಣ ಅರ್ಧಕ್ಕೆ ಇಳಿದಂತೆ. ಇದನ್ನು ತಿರುವುಮುರುವು ಓದಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಈ ಸಂಖ್ಯೆಯನ್ನು ರಕ್ತ ಕೊಟ್ಟವರ ಕೈಗೆ ಕೊಡಬೇಡಿ. ಇದಿನ್ನೂ ಸಂಶೋಧನೆಯ ಸರಕು. ‘ನನ್ನ ಹೃದಯ ಹೇಗಿದೆ?’ ಎಂದು ಅವರು ಕೇಳಿದರೆ, ಮೂತ್ರದ ಅಲ್ಬುಮಿನ್, ಕೊಲೆಸ್ಟರಾಲ್ ಮತ್ತು ರಕ್ತದೊತ್ತಡದ ವರದಿ ಹಿಡಿದು ವೈದ್ಯರನ್ನು ಕಾಣಲು ಹೇಳಿ.