ಅಕ್ಕಿ ಡಬ್ಬಿಯ ಹೇನಿನಲ್ಲಿ ರಿಕೆಟ್ಸಿಯಾ ಹುಡುಕಿದ ನನ್ನ ಅನುಭವ

ಆಷಾಢದ ಮಳೆ ಹಿಡಿದಾಗ ಉಡುಪಿಯ ನಮ್ಮ ಮನೆಯಲ್ಲಿ ಕುಚ್ಚಲಕ್ಕಿ ಡಬ್ಬಿಯ ಮುಚ್ಚಳ ತೆರೆದರೆ, ಅಂಚಿನ ಒಳಮೈಯಲ್ಲಿ ಕಂದುಬಣ್ಣದ ಚುಕ್ಕಿಗಳು ಹರಿದಾಡುವುದು ಕಾಣಿಸುತ್ತದೆ. ಮನೆಯವರ ಬಾಯಲ್ಲಿ ಅದೂ ನುಸಿ, ಮೂತಿಹುಳುವೂ ನುಸಿ. ಒಂದು ಮಿಲಿಮೀಟರಿನಷ್ಟೇ ಉದ್ದದ, ರೆಕ್ಕೆಯಿಲ್ಲದ, ಹಿಂಗಾಲಿನ ತೊಡೆ ದಪ್ಪಗಿರುವ ಈ ಜೀವಿ ಪುಸ್ತಕದ ಹೇನುಗಳ ಗುಂಪಿಗೆ ಸೇರಿದ ಲೈಪೊಸ್ಕೆಲಿಸ್ ಬೊಸ್ಟ್ರಿಕೊಫಿಲಾ. ಹೇನೆಂಬ ಹೆಸರಿದ್ದರೂ ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಬೂಷ್ಟು, ಹಿಟ್ಟು, ಒಡೆದ ಕಾಳು ಇದರ ಆಹಾರ. ದಾಸ್ತಾನು ಕೀಟಗಳ ಪ್ರಯೋಗಾಲಯದಲ್ಲಿ ಪಿಸಿಆರ್ (ಡಿಎನ್‌ಎಯ ಬೇಕಾದ ತುಣುಕನ್ನು ಲಕ್ಷಾಂತರ ಪಟ್ಟು ನಕಲಿಸುವ ವಿಧಾನ) ಮಾಡುವುದೇ ನನ್ನ ಕೆಲಸವಾದ್ದರಿಂದ, ಒಂದು ರಜೆಯಲ್ಲಿ ಇವನ್ನು ಸಣ್ಣ ಬಾಟಲಿಗೆ ತುಂಬಿಸಿಕೊಂಡು ಬೆಂಗಳೂರಿಗೆ ಹೊರಟೆ.

ಈ ಹುಳುವಿನ ಬಹುತೇಕ ಸಂತತಿಗಳಲ್ಲಿ ಗಂಡುಗಳೇ ಇಲ್ಲ. ಗಂಡುಗಳಿರುವ ಸಂತತಿಯೊಂದು ಹವಾಯಿ ದ್ವೀಪಗಳಲ್ಲಿ ಸಿಕ್ಕಿದೆ. ಮಿಕ್ಕ ಕಡೆ ಹೆಣ್ಣು ಕೂಡುವಿಕೆಯಿಲ್ಲದೆ ಮೊಟ್ಟೆಯಿಡುತ್ತದೆ, ಮರಿಗಳೂ ಹೆಣ್ಣೇ. ಇದರ ಅಂಡಾಶಯದಲ್ಲಿ ರಿಕೆಟ್ಸಿಯಾ ಬ್ಯಾಕ್ಟೀರಿಯಾ ನೆಲೆಸಿದೆ ಎಂದು 2006ರಲ್ಲಿ ಒಂದು ಅಧ್ಯಯನ ತೋರಿಸಿತು. ಅದು ಬೆಕ್ಕಿನ ಚಿಗಟದಲ್ಲಿರುವ ರಿಕೆಟ್ಸಿಯಾ ಫೆಲಿಸ್ ಜಾತಿಗೇ ಸೇರಿದ್ದು ಎಂಬುದು ಆಮೇಲೆ ಗೊತ್ತಾಯಿತು. ನಮ್ಮ ಡಬ್ಬಿಯ ಹುಳುವಿನಲ್ಲಿಯೂ ಅದು ಇದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಮೊದಲ ತಳಿ ಹತ್ತು ದಿನಗಳಲ್ಲಿ ಸತ್ತುಹೋಯಿತು. ಜಾಡಿಯನ್ನು ಎಸಿ ಕೋಣೆಯಲ್ಲಿ ಇಟ್ಟದ್ದೇ ತಪ್ಪು. ಈ ಹುಳು ತನಗೆ ಬೇಕಾದ ನೀರನ್ನು ಗಾಳಿಯ ತೇವದಿಂದ ಬಾಯಿಯ ಮೂಲಕ ಹೀರಿಕೊಳ್ಳುತ್ತದೆ. ತೇವಾಂಶ ಸುಮಾರು 60 ಶೇಕಡಾಕ್ಕಿಂತ ಕೆಳಗಿಳಿದರೆ ಅದು ಒಣಗತೊಡಗುತ್ತದೆ. ಎರಡನೆಯ ಬಾರಿ ಗಾಳಿಯಾಡದ ಗಾಜಿನ ಪಾತ್ರೆಯ ತಳದಲ್ಲಿ, ಕರಗದೆ ಉಳಿಯುವಷ್ಟು ಅಡುಗೆ ಉಪ್ಪು ಸುರಿದ ನೀರನ್ನು ಇಟ್ಟು, ಮೇಲಿನ ತಟ್ಟೆಯಲ್ಲಿ ಜಾಡಿಗಳನ್ನು ಜೋಡಿಸಿದೆ. ಇಂಥ ಉಪ್ಪುನೀರು ಗಾಳಿಯ ತೇವಾಂಶವನ್ನು 75 ಶೇಕಡಾದಲ್ಲಿ ಹಿಡಿದಿಡುತ್ತದೆ. ಗೋಧಿಹಿಟ್ಟು, ಹಾಲಿನ ಪುಡಿ ಮತ್ತು ಯೀಸ್ಟನ್ನು 10:1:1ರ ಪ್ರಮಾಣದಲ್ಲಿ ಬೆರೆಸಿ ಆಹಾರವಾಗಿ ಕೊಟ್ಟೆ. ಒದ್ದೆ ಮಾಡಿದ ಸೊನ್ನೆ ನಂಬರಿನ ಕುಂಚದ ತುದಿಯಿಂದ ಒಂದೇ ಒಂದು ಮರಿಯನ್ನು ಎತ್ತಿ ಬೇರೆ ಜಾಡಿಯಲ್ಲಿ ಬಿಟ್ಟು, ಅದು ಬೆಳೆದು ಒಂಟಿಯಾಗಿಯೇ ಇಟ್ಟ ಮೊಟ್ಟೆಗಳಿಂದ ತಳಿಯನ್ನು ಬೆಳೆಸಿದೆ. ಮುಂದಿನದ್ದೆಲ್ಲ ಆ ಒಂದು ತಾಯಿಯ ಸಂತಾನದ ಮೇಲೆ ಮಾಡಿದ್ದು.

ನಿಜವಾದ ತೊಡಕು ಎದುರಾದದ್ದು ಡಿಎನ್‌ಎ ಹಂತದಲ್ಲಿ. ಎಲ್ಲ ಬ್ಯಾಕ್ಟೀರಿಯಾಗಳಲ್ಲಿಯೂ ಇರುವ 16ಎಸ್ ಎಂಬ ಜೀನಿಗೆ ಹೊಂದುವ ಪ್ರೈಮರುಗಳನ್ನು (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಹಾಕಿದಾಗ, ನಕಲುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ದಪ್ಪನೆಯ ಪಟ್ಟಿ ಹೊಳೆಯಿತು, ನಾನೂ ಹಿಗ್ಗಿದೆ; ಅನುಕ್ರಮ ಓದಿಸಿ ತರಿಸಿದರೆ ಅದು ಗೋಧಿಯ ಕ್ಲೋರೋಪ್ಲಾಸ್ಟ್‌ನ ಜೀನ್! ಸಸ್ಯಕೋಶದ ಈ ಅಂಗಕಗಳು ಸಯನೋಬ್ಯಾಕ್ಟೀರಿಯಾಗಳ ವಂಶದವಾದ್ದರಿಂದ ಅವುಗಳ 16ಎಸ್ ಜೀನ್ ಬ್ಯಾಕ್ಟೀರಿಯಾದ ಜೀನನ್ನೇ ಹೋಲುತ್ತದೆ. ಹುಳುವಿನ ಹೊಟ್ಟೆಯಲ್ಲಿದ್ದ ಹಿಟ್ಟನ್ನೇ ನಾನು ಅದರ ಸಹಜೀವಿ ಎಂದು ಭಾವಿಸಿದ್ದೆ. ಆ ಮೇಲೆ ಹುಳುಗಳನ್ನು ಎರಡು ದಿನ ತೇವದ ಪಾತ್ರೆಯಲ್ಲಿ ಶುದ್ಧ ಶೋಧಕ ಕಾಗದದ ಮೇಲೆ ಉಪವಾಸವಿರಿಸಿ, ಸೋಡಿಯಂ ಹೈಪೋಕ್ಲೋರೈಟಿನ ತೆಳು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ಮೂರು ಬಾರಿ ತೊಳೆಯತೊಡಗಿದೆ. ಒಂದು ಹನಿ ಮಾರ್ಜಕ ಬೆರೆಸದಿದ್ದರೆ ಅವು ದ್ರಾವಣದ ಮೇಲೆಯೇ ತೇಲುತ್ತವೆ. ಕೊನೆಯ ತೊಳೆನೀರನ್ನೂ ಒಂದು ಮಾದರಿಯಾಗಿ ಪಿಸಿಆರ್‌ಗೆ ಹಾಕುವ ರೂಢಿ ನನಗೆ ಬಂದದ್ದು ಆಗಲೇ. ಅದರಲ್ಲಿ ಏನೂ ಕಾಣಿಸದಿದ್ದರೆ ಮಾತ್ರ ಹುಳುವಿನ ಫಲಿತಾಂಶವನ್ನು ನಂಬುತ್ತೇನೆ.

ಸಾಮಾನ್ಯ ಪ್ರೈಮರುಗಳನ್ನು ಬಿಟ್ಟು, ರಿಕೆಟ್ಸಿಯಾದ ಸಿಟ್ರೇಟ್ ಸಿಂಥೇಸ್ ಜೀನನ್ನು ಹಿಡಿಯುವ ಪ್ರೈಮರುಗಳಿಗೆ ಬಂದೆ; ಅವು ಕೊಡುವ ತುಣುಕಿನ ಉದ್ದ 381 ಜೋಡಿ ಅಕ್ಷರಗಳು. ಒಂದೊಂದನ್ನೇ ಬೇರೆಬೇರೆಯಾಗಿ ಅರೆದ 12 ಹುಳುಗಳಲ್ಲಿ 12ರಲ್ಲಿಯೂ ಪಟ್ಟಿ ಬಂತು. ಆದರೆ ಡಿಎನ್‌ಎ ಹಾಕದ ಖಾಲಿ ನಳಿಕೆಯಲ್ಲಿಯೂ ಮಸುಕಾದ ಗೆರೆಯೊಂದು ಕಾಣಿಸಿದ್ದರಿಂದ ಆ ದಿನದ ಕೆಲಸವನ್ನೆಲ್ಲ ಚೆಲ್ಲಿ, ಪಿಪೆಟ್ಟುಗಳನ್ನೂ ಮೇಜನ್ನೂ ಬದಲಿಸಿ ಮತ್ತೆ ಮೊದಲಿಂದ ಮಾಡಬೇಕಾಯಿತು. ಎರಡನೆಯ ಸುತ್ತಿನಲ್ಲಿ ಖಾಲಿ ನಳಿಕೆ ಖಾಲಿಯಾಗಿಯೇ ಉಳಿಯಿತು, 12 ಪಟ್ಟಿಗಳು ಹಾಗೆಯೇ ಬಂದವು, ಅನುಕ್ರಮವೂ ರಿಕೆಟ್ಸಿಯಾ ಫೆಲಿಸ್‌ನೊಂದಿಗೆ ಹೊಂದಿತು.

ದೇಹದಲ್ಲಿ ಸಿಕ್ಕಿದ್ದೆಲ್ಲ ಸಹಜೀವಿಯಲ್ಲವಾದ್ದರಿಂದ, ತಾಯಿಯಿಂದ ಮಗಳಿಗೆ ಅದು ದಾಟುತ್ತದೆಯೇ ಎಂದು ನೋಡಲು ಮೊಟ್ಟೆಗಳನ್ನು ಪರೀಕ್ಷಿಸಿದೆ. ತಾಯಿ ಮೊಟ್ಟೆಗೆ ಹಿಟ್ಟಿನ ಧೂಳನ್ನು ಅಂಟಿಸಿಬಿಡುವುದರಿಂದ ಅದನ್ನು ತೊಳೆಯುವುದಕ್ಕೆ ತಾಳ್ಮೆ ಬೇಕು. ಮೊಟ್ಟೆಯ ಮುತ್ತಿನಂಥ ಹೊಳಪು ಸೂಕ್ಷ್ಮದರ್ಶಕದಡಿ ಕಾಣುವವರೆಗೆ ನೀರು ಬದಲಿಸುತ್ತಲೇ ಇರಬೇಕು. 10 ಮೊಟ್ಟೆಗಳಲ್ಲಿ 8ರಲ್ಲಿ ರಿಕೆಟ್ಸಿಯಾ ಇತ್ತು. ಉಳಿದೆರಡರಲ್ಲಿ ಇರಲೇಬೇಕಾದ ಹುಳುವಿನದೇ 18ಎಸ್ ಜೀನ್ ಕೂಡ ಬರಲಿಲ್ಲ, ಅಂದರೆ ಡಿಎನ್‌ಎ ತೆಗೆಯುವುದರಲ್ಲಿಯೇ ನಾನು ಸೋತಿದ್ದೆ. ಅವನ್ನು ಸೋಂಕಿಲ್ಲದ ಮೊಟ್ಟೆಗಳೆಂದು ಬರೆದಿಡುವುದು ಸುಲಭವಿತ್ತು, ಆದರೆ ಅದು ಸುಳ್ಳಾಗುತ್ತಿತ್ತು.

ಊರಿಗೆ ಹೋದಾಗ ವಿಷಯ ಕೇಳಿದ ದೊಡ್ಡಮ್ಮ ಅಕ್ಕಿಯನ್ನೆಲ್ಲ ಚೆಲ್ಲಬೇಕೇ ಎಂದು ಗಾಬರಿಯಾದರು. ಈ ರಿಕೆಟ್ಸಿಯಾ ಮನುಷ್ಯರಲ್ಲಿ ಜ್ವರ ತರಬಲ್ಲದು ನಿಜ, ಆದರೆ ಈ ಹುಳು ಯಾರನ್ನೂ ಕಚ್ಚುವುದಿಲ್ಲ. ಅಕ್ಕಿಯನ್ನು ಜರಡಿ ಹಿಡಿದು, ಬಿಸಿಲು ಬಿದ್ದ ದಿನ ಚಾಪೆಯ ಮೇಲೆ ಹರವಿ ಒಣಗಿಸಿ, ಒಣಗಿದ ಡಬ್ಬಿಗೆ ತುಂಬಿಸಿ ಎಂದೆ.

ಈಗ ಬ್ಯಾಕ್ಟೀರಿಯಾವನ್ನು ತೊಲಗಿಸಲು ಆಹಾರದಲ್ಲಿ ಟೆಟ್ರಾಸೈಕ್ಲಿನ್ ಎಂಬ ಔಷಧಿ ಬೆರೆಸಿ ಒಂದು ತಳಿಯನ್ನು ಬೆಳೆಸುತ್ತಿದ್ದೇನೆ. ಮೊಟ್ಟೆಗಳು ಕಡಿಮೆಯಾಗಿವೆ, ಆದರೆ ಈ ಔಷಧಿ ಹುಳುವಿನ ಮೈಟೊಕಾಂಡ್ರಿಯಾವನ್ನೂ ಬಾಧಿಸುವುದರಿಂದ, ಬ್ಯಾಕ್ಟೀರಿಯಾ ಹೋದದ್ದರಿಂದಲೇ ಸಂತಾನ ಕುಗ್ಗಿತು ಎನ್ನಲು ನನಗೆ ಧೈರ್ಯವಿಲ್ಲ. ಅದಕ್ಕಾಗಿ ಔಷಧಿ ನಿಲ್ಲಿಸಿ ಎರಡು ಪೀಳಿಗೆ ಕಳೆದ ಮೇಲೆ ಎಣಿಸಬೇಕೆಂದುಕೊಂಡಿದ್ದೇನೆ. ಕಳೆದ ವಾರದ ಜೆಲ್‌ನಲ್ಲಿ 381ರ ಪಟ್ಟಿ ಮಸುಕಾಗಿತ್ತು, ಅಳಿದಿರಲಿಲ್ಲ.