ಏರಿನಲ್ಲಿ ಸೋಲುತ್ತಿದ್ದ ಜೀಪು, ಮೂರನೇ ಸಿಲಿಂಡರಿನ ವಾಲ್ವ್

ನಮ್ಮ ತೋಟ ಕೊಡಗಿನ ನಾಪೋಕ್ಲು ಕಡೆ. ಹೊಳೆ ಬದಿಯಿಂದ ಕಣಕ್ಕೆ ಬರಲು ಒಂದು ಏರು ಇದೆ. ಉದ್ದ ಜಾಸ್ತಿ ಇಲ್ಲ, ಇನ್ನೂರು ಮೀಟರ್ ಇರಬಹುದು. ಆದರೆ ನಡುವೆ ಒಂದು ತಿರುವು, ಅಲ್ಲಿ ವೇಗ ಪೂರ್ತಿ ಬಿದ್ದುಹೋಗುತ್ತದೆ. ಹತ್ತು ಮೂಟೆ ಕಾಫಿ ಹಣ್ಣು ಹೇರಿಕೊಂಡು ನಮ್ಮ ಹಳೆ ಡೀಸೆಲ್ ಜೀಪು ಆ ತಿರುವನ್ನು ಸೆಕೆಂಡ್ ಗೇರಿನಲ್ಲೇ ಹತ್ತುತ್ತಿತ್ತು. ಎರಡು ವರ್ಷದ ಹಿಂದಿನ ಕೊಯ್ಲಿನಲ್ಲಿ ಹತ್ತಲಿಲ್ಲ. ಫಸ್ಟ್ ಹಾಕಬೇಕಾಯಿತು. ಆ ವರ್ಷದ ಕೊಯ್ಲು ಮುಗಿಯುವ ಹೊತ್ತಿಗೆ ಫಸ್ಟಿನಲ್ಲೂ ಏದುಸಿರು ಬಿಡುತ್ತಿತ್ತು.

‘ಪಿಕಪ್ ಹೋಗಿದೆ’ ಅಂದರೆ ಎಲ್ಲರೂ ಹೇಳುವುದು ಒಂದೇ. ಡೀಸೆಲ್ ಸಿಂಪಡಿಸುವ ನಾಜಲ್ ನೋಡಿಸಿ, ಪಂಪ್ ನೋಡಿಸಿ. ನಾನೂ ನೋಡಿಸಿದೆ. ಒಂದು ವರ್ಕ್‌ಶಾಪಿನಲ್ಲಿ ಪಂಪಿನಲ್ಲಿ ಡೀಸೆಲ್ ಸ್ವಲ್ಪ ಜಾಸ್ತಿ ಬಿಡುವ ಹಾಗೆ ತಿರುಗಿಸಿಕೊಟ್ಟರು. ಕಪ್ಪು ಹೊಗೆ ಬಂತು, ಎಳೆತ ಬರಲಿಲ್ಲ. ಸುಡಲು ಗಾಳಿಯೇ ಇಲ್ಲದ ಮೇಲೆ ಡೀಸೆಲ್ ಸುರಿದು ಏನು ಪ್ರಯೋಜನ?

ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಬೇರೆ. ಮೂರ್ನಾಡು ರಸ್ತೆಯಲ್ಲಿ ಇದೇ ಜೀಪು ಅರವತ್ತರಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಮತ್ತು ನಿಧಾನಕ್ಕೆ ಏರು ಹತ್ತುವಾಗ ಮಾತ್ರ ಕಷ್ಟ. ಬೆಳಿಗ್ಗೆ ಬಿಳಿ ಹೊಗೆ, ಒಂದು ಸಿಲಿಂಡರ್ ಹೊಡೆಯದೆ ತಪ್ಪಿಸುವ ಸದ್ದು. ಹತ್ತು ನಿಮಿಷ ಬಿಸಿಯಾದ ಮೇಲೆ ಸರಿ.

ಇಲ್ಲಿ ಟಾರ್ಕ್ ಅಂದರೇನು ಅಂತ ಹೇಳಲೇಬೇಕು. ಸ್ಪ್ಯಾನರಿನಿಂದ ನಟ್ಟು ಬಿಚ್ಚುವಾಗ ಕೈ ಹಾಕುವ ಬಲ, ಸ್ಪ್ಯಾನರಿನ ಉದ್ದ, ಎರಡನ್ನೂ ಗುಣಿಸಿದರೆ ಬರುವ ತಿರುಚುವ ಬಲವೇ ಟಾರ್ಕ್. ಏರು ಹತ್ತಿಸುವುದು ಅದೇ. ಅದೇ ಬಲ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದರ ಮೇಲೆ ಹಾರ್ಸ್ ಪವರ್. ನಮ್ಮದು 2112 ಸಿಸಿ ಎಂಜಿನ್, ಬೋರ್ (ಸಿಲಿಂಡರಿನ ಅಗಲ) 90 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 83 ಮಿ.ಮೀ., ಟರ್ಬೊ ಇಲ್ಲ. ಚೆನ್ನಾಗಿರುವಾಗ 2000 ಸುತ್ತಿನ ಆಸುಪಾಸಿನಲ್ಲಿ ಸುಮಾರು 120 ನ್ಯೂಟನ್ ಮೀಟರ್ ಕೊಡುವಂಥದ್ದು. ಲೆಕ್ಕ ಹಾಕಿದರೆ ಆ ಹೊತ್ತಿಗೆ ಹಾರ್ಸ್ ಪವರ್ ಬರೀ 34. ಆದರೂ ಹತ್ತು ಮೂಟೆ ಎಳೆಯುತ್ತದೆ, ಯಾಕೆಂದರೆ ಬಲ ಕೆಳಗಿನ ಸುತ್ತಿನಲ್ಲೇ ಸಿಗುತ್ತದೆ.

ಆ ಬಲ ಬರುವುದು ಗಾಳಿಯನ್ನು ಗಟ್ಟಿಯಾಗಿ ಒತ್ತುವುದರಿಂದ. ಡೀಸೆಲಿಗೆ ಕಿಡಿ ಇಲ್ಲ, ಒತ್ತಿದ ಗಾಳಿ 500 ಡಿಗ್ರಿಗೂ ಮೇಲೆ ಕಾದು ತಾನೇ ಬೆಂಕಿ ಹಚ್ಚಬೇಕು. ಎಲ್ಲೋ ಒಂದು ಕಡೆ ಗಾಳಿ ಸೋರಿದರೆ ಒತ್ತಡವೂ ಕಮ್ಮಿ, ಕಾವೂ ಕಮ್ಮಿ. ಎಂಜಿನ್ ನಿಧಾನಕ್ಕೆ ತಿರುಗುವಾಗ ಸೋರಲು ಜಾಸ್ತಿ ಸಮಯ ಸಿಗುತ್ತದೆ. ಜೋರಾಗಿ ತಿರುಗುವಾಗ ಸೋರುವಷ್ಟರಲ್ಲಿ ಡೀಸೆಲ್ ಸುಟ್ಟೇ ಹೋಗಿರುತ್ತದೆ. ಮೂರ್ನಾಡು ರಸ್ತೆಯಲ್ಲಿ ಚೆನ್ನಾಗಿದ್ದು ನಮ್ಮ ತಿರುವಿನಲ್ಲಿ ಸೋಲುವುದಕ್ಕೆ ಇದೇ ಕಾರಣ. ಇದು ಹೊಳೆದ ದಿನ ನಿಜವಾಗಿ ಖುಷಿಯಾಯಿತು.

ಪಕ್ಕದೂರಿನ ಮೇಸ್ತ್ರಿ ಅಣ್ಣನ ಹತ್ತಿರ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಇತ್ತು. ಹೀಟರ್ ಪ್ಲಗ್ ಬಿಚ್ಚಿ ಅದೇ ತೂತಿಗೆ ಗೇಜ್ ಹಾಕಿ ಸೆಲ್ಫ್ ಹೊಡೆದೆವು. 1, 2 ಮತ್ತು 4ರಲ್ಲಿ 380 ಪಿಎಸ್‌ಐ ಹತ್ತಿರ. ಮೂರನೇದರಲ್ಲಿ 260.

“ನೀವು ಇಷ್ಟು ದಿನ ಮೂರೇ ಸಿಲಿಂಡರಿನಲ್ಲಿ ಮೂಟೆ ಹೊತ್ತಿದ್ದೀರಿ” ಅಂದರು ಅಣ್ಣ.

ಎಲ್ಲಿ ಸೋರುತ್ತಿದೆ ಅಂತ ಹೆಡ್ಡು (ವಾಲ್ವುಗಳಿರುವ, ಎಂಜಿನಿನ ಮೇಲಿನ ಮುಚ್ಚಳ) ಬಿಚ್ಚದೆಯೇ ತಿಳಿಯಬಹುದು. ಮೂರನೇ ಪಿಸ್ಟನ್ ಮೇಲಿರುವಾಗ, ಅದರ ಎರಡೂ ವಾಲ್ವ್ (ಗಾಳಿ ಒಳಗೆ ಬಿಡುವ ಇನ್‌ಲೆಟ್, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್) ಮುಚ್ಚಿರುವಾಗ, ಗೇರಿನಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟು, ಅದೇ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟೆವು. ಎಂಜಿನ್ ಆಯಿಲ್ ಹಾಕುವ ಬಾಯಲ್ಲಿ ಗಾಳಿ ಬಂದರೆ ಪಿಸ್ಟನ್ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್. ಏರ್ ಕ್ಲೀನರಿನಲ್ಲಿ ಸದ್ದಾದರೆ ಇನ್‌ಲೆಟ್ ವಾಲ್ವ್. ನಾನು ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಕಿವಿ ಕೊಟ್ಟೆ. ಸ್ಸ್ ಅಂತ ಸಣ್ಣಗೆ, ನಿಲ್ಲದೆ ಬರುತ್ತಿತ್ತು. ಎಕ್ಸಾಸ್ಟ್ ವಾಲ್ವ್.

ಹೆಡ್ಡು ಬಿಚ್ಚಿದ್ದು ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ. ತೋಟದಲ್ಲಿ ಕೆಲಸ ಇಲ್ಲ, ಶೆಡ್ಡಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಬೋಲ್ಟುಗಳನ್ನು ಹೊರಗಿನಿಂದ ಒಳಗೆ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿದೆ. ಒಮ್ಮೆಲೇ ಬಿಚ್ಚಿದರೆ ಹೆಡ್ಡು ಬಾಗುತ್ತದೆ. ವಾಲ್ವ್ ತೆರೆಸುವ ಕಡ್ಡಿಗಳಾದ ಪುಷ್ ರಾಡುಗಳನ್ನು ರಟ್ಟಿಗೆ ತೂತು ಮಾಡಿ 1ರಿಂದ 8ರವರೆಗೆ ನಂಬರ್ ಹಾಕಿ ಚುಚ್ಚಿಟ್ಟೆ. ಉಜ್ಜಿ ಪಳಗಿದ ಜೋಡಿಗಳನ್ನು ಅದಲುಬದಲು ಮಾಡಬಾರದು.

ಮೂರನೇ ಎಕ್ಸಾಸ್ಟ್ ವಾಲ್ವನ್ನು ಕೈಯಲ್ಲಿ ಹಿಡಿದು ಟಾರ್ಚ್ ಬಿಟ್ಟು ನೋಡಿದೆ. ಸುತ್ತ ಇರಬೇಕಾದ ಬೂದು ಬಣ್ಣದ ಸಮ ಅಂಚು ಒಂದು ಕಡೆ ಇರಲೇ ಇಲ್ಲ. ಅಲ್ಲಿ ಉಗುರಿನಷ್ಟು ಜಾಗ ಕರಗಿದಂತೆ ತಗ್ಗಾಗಿ, ಒಳಗಿನಿಂದ ಹೊರಗೆ ಸಣ್ಣ ಕಾಲುವೆ ಬಿದ್ದಿತ್ತು. ಬೆರಳಾಡಿಸಿದರೆ ತಟ್ಟುತ್ತಿತ್ತು.

ಹೀಗಾಗಲು ಕಾರಣ ಟ್ಯಾಪೆಟ್ ಸಂದು, ಅಂದರೆ ಮುಚ್ಚಿದ ವಾಲ್ವಿನ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಬಿಡುವ ಸಣ್ಣ ಅಂತರ. ಎಕ್ಸಾಸ್ಟ್ ವಾಲ್ವಿನ ಕಾವು ಬಹುಪಾಲು ಇಳಿಯುವುದು ಅದು ಸೀಟಿನ (ಹೆಡ್ಡಿನಲ್ಲಿ ವಾಲ್ವ್ ಕೂರುವ ಉಂಗುರದಂಥ ಜಾಗ) ಮೇಲೆ ಗಟ್ಟಿಯಾಗಿ ಕೂತಾಗ. ವರ್ಷಗಟ್ಟಲೆ ಬಡಿದು ವಾಲ್ವ್ ಸೀಟಿನೊಳಗೆ ಇಳಿಯುತ್ತಾ ಹೋದಂತೆ ಸಂದು ಕಮ್ಮಿಯಾಗುತ್ತದೆ. ಸಂದು ಪೂರ್ತಿ ಹೋದರೆ ವಾಲ್ವ್ ಕೂರುವುದೇ ಇಲ್ಲ, ಉರಿಯುವ ಗ್ಯಾಸು ವಾಲ್ವಿಗೂ ಸೀಟಿಗೂ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ನುಗ್ಗಿ ಕೊರೆಯುತ್ತದೆ. ನಮ್ಮ ಎಂಜಿನ್ ಆ ಮೊದಲು ಒಂದೆರಡು ವರ್ಷ ತುಂಬಾ ಸದ್ದಿಲ್ಲದೆ ಓಡುತ್ತಿತ್ತು. ಟ್ಯಾಪೆಟಿನ ಟಿಕ್ ಟಿಕ್ ಸದ್ದು ಕಮ್ಮಿಯಾಯಿತು ಅಂತ ನಾನು ಸಮಾಧಾನ ಪಟ್ಟಿದ್ದೆ. ಅದೇ ಎಚ್ಚರಿಕೆಯಾಗಿತ್ತು. ಹಳೆ ಎಂಜಿನ್ ಇರುವವರು ದಯವಿಟ್ಟು ಇದನ್ನು ನೆನಪಿಡಿ.

ಎರಡು ವಾಲ್ವುಗಳನ್ನು ಪಕ್ಕಪಕ್ಕ ಇಟ್ಟರೆ ಇನ್‌ಲೆಟ್ ದೊಡ್ಡದು, ಎಕ್ಸಾಸ್ಟ್ ಚಿಕ್ಕದು. ಸುಟ್ಟ ಹೊಗೆಯನ್ನು ಒಳಗಿನ ಒತ್ತಡವೇ ಹೊರಗೆ ತಳ್ಳುತ್ತದೆ. ಗಾಳಿ ಒಳಗೆ ಬರಲು ಹೊರಗಿನ ವಾತಾವರಣದ ಒತ್ತಡ ಮಾತ್ರ. ಮಡಿಕೇರಿಯ ಎತ್ತರದಲ್ಲಿ ಅದೂ ಕಮ್ಮಿ, ಮಂಗಳೂರಿಗೆ ಹೋಲಿಸಿದರೆ ಗಾಳಿ ಹತ್ತರಲ್ಲಿ ಒಂದು ಪಾಲು ತೆಳು. ಹಾಗಾಗಿ ಬಾಗಿಲು ದೊಡ್ಡದಿರಬೇಕು. ವಾಲ್ವನ್ನು ಸುಮ್ನೆ ಜಾಸ್ತಿ ಎತ್ತರಕ್ಕೆ ತೆರೆದರೂ ಲಾಭವಿಲ್ಲ. ಅದರ ಅಗಲದ ಕಾಲು ಭಾಗ ಎದ್ದರೆ ಸುತ್ತಲಿನ ಸಂದು ಮತ್ತು ಬಾಗಿಲಿನ ಜಾಗ ಸಮವಾಗುತ್ತದೆ. ಅಣ್ಣನ ಮಗನ ಹೊಸ ಕಾರಿನಲ್ಲಿ ಸಿಲಿಂಡರಿಗೆ ನಾಲ್ಕು ವಾಲ್ವ್, ನಟ್ಟನಡುವೆ ಇಂಜೆಕ್ಟರ್. ನಾಲ್ಕು ಚಿಕ್ಕ ಬಾಗಿಲುಗಳ ಸುತ್ತಳತೆ ಎರಡು ದೊಡ್ಡದಕ್ಕಿಂತ ಜಾಸ್ತಿ. ಅದರ ಜೊತೆ ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ. 1.5 ಲೀಟರಿನಲ್ಲಿ 250 ನ್ಯೂಟನ್ ಮೀಟರ್ ಬರುವುದು ಹೀಗೆ. ನಮ್ಮ ಜೀಪಿನ ಎರಡರಷ್ಟು!

ಕುಶಾಲನಗರದ ಲೇತಿನಲ್ಲಿ ಸೀಟುಗಳನ್ನು 45 ಡಿಗ್ರಿಗೆ ಕತ್ತರಿಸಿಕೊಟ್ಟರು. ಮೂರನೇದಕ್ಕೆ ಹೊಸ ವಾಲ್ವ್. ಹೆಡ್ಡಿನ ತಳ ಸಮ ಇದೆಯಾ ಅಂತಲೂ ನೋಡಿಸಿದೆ. ಲ್ಯಾಪಿಂಗ್ ಮಾತ್ರ ನಾನೇ ಮಾಡಿದ್ದು. ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಕಪ್ಪಿನ ಕೋಲನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ಉಜ್ಜಬೇಕು. ಆಗಾಗ ಎತ್ತಿ, ಸ್ವಲ್ಪ ತಿರುಗಿಸಿ ಮತ್ತೆ ಕೂರಿಸಬೇಕು. ಮೊದಲು ದಪ್ಪ ಪೇಸ್ಟಿನಲ್ಲಿ ಗರಗರ ಅನ್ನುತ್ತದೆ, ಆಮೇಲೆ ಸಣ್ಣದರಲ್ಲಿ ಸದ್ದು ಮೆತ್ತಗಾಗುತ್ತದೆ. ಒರೆಸಿದಾಗ ಸುತ್ತ ಒಂದೇ ಅಗಲದ ಬೂದು ಉಂಗುರ ಕಂಡರೆ ಸಾಕು. ಎಂಟಕ್ಕೂ ಮಾಡಲು ಒಂದೂವರೆ ದಿನ ಹಿಡಿಯಿತು. ಪೇಸ್ಟಿನ ಚೂರೂ ಉಳಿಯದ ಹಾಗೆ ತೊಳೆದು, ಸ್ಪ್ರಿಂಗ್ ಹಾಕಿ, ಪೋರ್ಟುಗಳಿಗೆ (ಗಾಳಿ, ಹೊಗೆ ಹೋಗುವ ದಾರಿ) ಸೀಮೆಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಂದು ಹನಿಯೂ ಇಳಿದಿರಲಿಲ್ಲ.

ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಹೊರಗೆ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿದೆ. ಟ್ಯಾಪೆಟಿಗೆ ಸುಲಭದ ದಾರಿ ಇದೆ. 1-3-4-2 ಫೈರಿಂಗ್ ಆರ್ಡರಿನಲ್ಲಿ (ಸಿಲಿಂಡರುಗಳು ಉರಿಯುವ ಸರದಿ) 1 ಮತ್ತು 4 ಜೋಡಿ, 2 ಮತ್ತು 3 ಜೋಡಿ. ನಾಲ್ಕನೇದರಲ್ಲಿ ಒಂದು ವಾಲ್ವ್ ಮುಚ್ಚಿಕೊಳ್ಳುತ್ತಾ ಇನ್ನೊಂದು ತೆರೆಯುವ ಹೊತ್ತಿಗೆ ಒಂದನೇದರ ಎರಡೂ ಸಡಿಲ ಇರುತ್ತವೆ. ಆಗ ಒಂದನೇದನ್ನು ಸೆಟ್ ಮಾಡಬೇಕು. ಉಳಿದವೂ ಹೀಗೆಯೇ. ಎಕ್ಸಾಸ್ಟಿಗೆ ಸಂದು ಇನ್‌ಲೆಟ್‌ಗಿಂತ ಜಾಸ್ತಿ, ಅದು ಜಾಸ್ತಿ ಕಾದು ಉದ್ದವಾಗುತ್ತದಲ್ವಾ. ಅಳತೆ ನಿಮ್ಮ ಎಂಜಿನಿನ ಮ್ಯಾನ್ಯುವಲಿನದ್ದೇ ಇರಲಿ. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಎಳೆದಾಗ ಸಣ್ಣಗೆ ಹಿಡಿದಂತೆ ಬರಬೇಕು.

ಪಂಪನ್ನೂ ಮೊದಲಿನ ಅಳತೆಗೆ ವಾಪಸ್ ಮಾಡಿಸಿದೆ. ಆಮೇಲಿನ ಕೊಯ್ಲಿನಲ್ಲಿ ಅದೇ ಹತ್ತು ಮೂಟೆ, ಅದೇ ತಿರುವು, ಸೆಕೆಂಡ್ ಗೇರು. ಹೊಗೆ ಇಲ್ಲದೆ ಹತ್ತಿತು. ಮೂಟೆಗಳ ಮೇಲೆ ಕೂತಿದ್ದ ಹುಡುಗರು ಕಣದವರೆಗೂ ಕೂಗುತ್ತಾ ಬಂದರು.

ಐನೂರು ಕಿಲೋಮೀಟರ್ ಆದ ಮೇಲೆ ಮತ್ತೆ ಟ್ಯಾಪೆಟ್ ನೋಡಿದಾಗ ಮೂರನೇ ಎಕ್ಸಾಸ್ಟ್ ಸ್ವಲ್ಪ ಬಿಗಿಯಾಗಿತ್ತು. ಹೊಸ ವಾಲ್ವ್ ಸೀಟಿಗೆ ಹೊಂದಿಕೊಂಡು ಕೂತಿದೆ ಅಷ್ಟೆ. ಸರಿಮಾಡಿದೆ. ಈಗ ಪ್ರತಿ ವರ್ಷ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲು ಕವರ್ ತೆಗೆದು ಎಂಟೂ ಸಂದು ಅಳೆದು, ಶೆಡ್ಡಿನ ಗೋಡೆಯ ಮೇಲೆ ತಾರೀಕಿನ ಜೊತೆ ಬರೆದಿಡುತ್ತೇನೆ.